ಅಂಜಿನಿ ರಗ್ಬಿಗೆ ಹೋದಾಗ ನಾನು ಕಾದ ಕುರಿಗಳು

ಹೋದ ತಿಂಗಳು ಜಗಳೂರಿನಲ್ಲಿ ಪ್ರೌಢಶಾಲೆಗಳ ಕ್ರೀಡಾಕೂಟವಿತ್ತು. ತೀರ್ಪುಗಾರರು ಸಾಲದೆಂದು ಬೇರೆ ತಾಲ್ಲೂಕುಗಳಿಂದಲೂ ಕೆಲವರನ್ನು ಕರೆದಿದ್ದರು. ನಾನು ಚನ್ನಗಿರಿ ತಾಲ್ಲೂಕಿನಲ್ಲಿ, ನಲ್ಲೂರಿನ ಕಡೆಯ ಒಂದು ಶಾಲೆಯಲ್ಲಿ ದೈಹಿಕ ಶಿಕ್ಷಕಿ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಕಿಟಕಿ ಪಕ್ಕ ಕೂತಿದ್ದೆ. ಬಿಳಿಚೋಡು ಇನ್ನೇನು ಬರಬೇಕು ಎನ್ನುವಾಗ, ಜಿಟಿಜಿಟಿ ಮಳೆಯಲ್ಲಿ ಒಬ್ಬ ಮುದುಕ ಕೈ ಅಡ್ಡ ಹಿಡಿದು ಬಸ್ಸು ನಿಲ್ಲಿಸಿದ. ತಲೆಯ ಮೇಲಿಂದ ಇಳಿಬಿಟ್ಟಿದ್ದ ಕರಿಕಂಬಳಿ ಪೂರ್ತಿ ನೆನೆದಿತ್ತು. ಅವನು ಹತ್ತಿದ ಕೂಡಲೇ ಬಸ್ಸಿನ ತುಂಬ ಒದ್ದೆ ಉಣ್ಣೆಯ, ಕುರಿಹಿಕ್ಕೆಯ ವಾಸನೆ.

ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, "ಏನ್ ವಾಸ್ನೆ ಅಲ್ವೇನ್ರಿ ಮೇಡಂ?" ಎಂದರು.

"ನನಗೆ ಅಭ್ಯಾಸ ಐತ್ರಿ" ಎಂದೆ. "ಹದಿನೆಂಟು ದಿನ ಇದ್ರಾಗೇ ಇದ್ದೆ."

ಅವರು ನನ್ನ ಟ್ರ್ಯಾಕ್‌ಸೂಟು, ಕುತ್ತಿಗೆಯ ಸೀಟಿಯನ್ನು ಮೇಲಿಂದ ಕೆಳಗೆ ನೋಡಿದರು. ಉಳಿದ ದಾರಿಯುದ್ದಕ್ಕೂ ನನಗೆ ಕುರಿ ಕಾದ ಆ ವರ್ಷದ್ದೇ ಯೋಚನೆ.

ಆ ವರ್ಷ ನಾನು ಹೊನ್ನಾಳಿಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ನಮ್ಮೂರು ನ್ಯಾಮತಿ ತಾಲ್ಲೂಕಿನ ಸವಳಂಗ. ಅಪ್ಪ, ಅವ್ವ ಇಬ್ಬರೂ ಕೂಲಿಗೆ ಹೋಗುತ್ತಿದ್ದರು. ಅಡಿಕೆ ಸುಲಿಯುವ ಕಾಲದಲ್ಲಿ ಅವ್ವನ ಜೊತೆ ನಾನೂ ಕೂರುತ್ತಿದ್ದೆ. ರಜೆ ಮುಗಿಸಿ ಕಾಲೇಜಿಗೆ ಹೋದರೆ ಬೆರಳಿನ ಕಪ್ಪು ಹದಿನೈದು ದಿನವಾದರೂ ಹೋಗುತ್ತಿರಲಿಲ್ಲ. ಶಾಲೆಯಿಂದಲೂ ಕಬಡ್ಡಿ ಆಡಿದವಳು. ಹಿಡಿದರೆ ಬಿಡುವವಳಲ್ಲ ಎಂದು ನನಗೊಂದು ಹೆಸರಿತ್ತು.

ನಾಗರತ್ನಾ ಮೇಡಂ ಆ ವರ್ಷವೇ ಕಾಲೇಜಿಗೆ ದೈಹಿಕ ಶಿಕ್ಷಣಕ್ಕೆ ಬಂದರು. ಒಂದು ಸಂಜೆ ನಮ್ಮನ್ನೆಲ್ಲ ನಿಲ್ಲಿಸಿ, ಚೀಲದಿಂದ ಸಿಪ್ಪೆ ಸುಲಿಯದ ತೆಂಗಿನಕಾಯಿಯಂಥ ಒಂದು ಚೆಂಡು ತೆಗೆದರು.

"ಇದು ರಗ್ಬಿ. ಒಂದು ಕಡೆಗೆ ಏಳು ಜನ. ಏಳು ನಿಮಿಷ ಆಟ, ಸ್ವಲ್ಪ ದಮ್ಮು ತಗೊಂಡು ಮತ್ತೆ ಏಳು ನಿಮಿಷ. ಚೆಂಡು ಹಿಡಕೊಂಡು ಓಡಿ ಎದುರಿನವರ ಗೆರೆ ದಾಟಿ ನೆಲಕ್ಕೆ ಒತ್ತಬೇಕು. ಕೈಯಿಂದ ಮುಂದಕ್ಕೆ ಎಸೆಯೋ ಹಂಗಿಲ್ಲ, ಹಿಂದೆ ಬರೋರಿಗೇ ಕೊಡಬೇಕು. ಚೆಂಡು ಇದ್ದೋಳನ್ನ ಹಿಡಿದು ಕೆಡವಬಹುದು."

"ಕೆಡವಬಹುದಾ ಮೇಡಂ?" ಎಂದೆ.

"ಕೆಡವಲೇಬೇಕು" ಎಂದರು. ನಾನು ಅಲ್ಲೇ ಹೆಸರು ಕೊಟ್ಟೆ.

ಅಂಜಿನಮ್ಮ, ನಮ್ಮೆಲ್ಲರ ಬಾಯಲ್ಲಿ ಅಂಜಿನಿ, ಹೆಸರು ಕೊಟ್ಟವಳಲ್ಲ. ಅವಳು ಹಾಸ್ಟೆಲ್‌ನಲ್ಲಿ ನನ್ನ ಕೋಣೆಯವಳು, ಜಗಳೂರು ತಾಲ್ಲೂಕಿನ ಬಿಳಿಚೋಡಿನಿಂದ ಬಂದವಳು. ಮನೆಯಲ್ಲಿ ಕುರಿ ಸಾಕುತ್ತಿದ್ದರು. ಮಾತು ಕಡಿಮೆ, ಕಾಲು ಉದ್ದ. ಯಾವ ಆಟವನ್ನೂ ಆಡಿದವಳಲ್ಲ. ಒಂದು ಶನಿವಾರ ಊರಿಗೆ ಹೊರಟವಳು, ಸ್ಟ್ಯಾಂಡು ಬಿಟ್ಟು ಹೊರಟುಹೋದ ಬಸ್ಸನ್ನು ಬೆನ್ನಟ್ಟಿ ಓಡಿ ಹತ್ತಿದ್ದನ್ನು ಮೇಡಂ ನೋಡಿದರು. ಸೋಮವಾರ ಅವಳು ವಾಪಸ್ ಬರುವುದರೊಳಗೆ ಅವಳ ಹೆಸರನ್ನು ಬರೆದುಕೊಂಡಿದ್ದರು.

ಆಡಲು ಜಾಗವಿರಲಿಲ್ಲ. ಮೈದಾನದಲ್ಲಿ ಬೆಳಗ್ಗೆ ಸಂಜೆ ಗಂಡುಹುಡುಗರ ಕ್ರಿಕೆಟ್. ಒಂದು ದಿನ ನಾವು ಮೂಲೆಯಲ್ಲಿ ಸುಣ್ಣದ ಗೆರೆ ಎಳೆದುಕೊಂಡೆವು. ಊರಿನ ಹಿರಿಯರೊಬ್ಬರು ಬಂದು, "ಹೆಣ್ಮಕ್ಳು ಒಬ್ಬರ ಮೇಲೊಬ್ಬರು ಬೀಳೋ ಆಟ ಇಲ್ಲಿ ಬೇಡ್ರಿ. ರಸ್ತೆಗೆ ಕಾಣ್ತೈತೆ" ಎಂದರು.

"ಗಂಡುಮಕ್ಳು ಆಡೋದು ರಸ್ತೆಗೆ ಕಾಣಲ್ವಾ ಸರ್?" ಎಂದು ಮೇಡಂ ಕೇಳಿದರು. ಮಾರನೆಯ ದಿನ ನೋಡಿದರೆ ಗೆರೆಯನ್ನು ನೀರು ಹಾಕಿ ಅಳಿಸಿದ್ದರು.

ಊರ ಹೊರಗೆ ನಾಲೆಯ ಪಕ್ಕ ಬೇಸಿಗೆ ಭತ್ತ ಕೊಯ್ದ ಒಂದು ಗದ್ದೆ ಖಾಲಿ ಬಿದ್ದಿತ್ತು. ಗದ್ದೆಯ ಒಡತಿ ಒಬ್ಬ ಅಜ್ಜಿ. ಕೇಳಿದಾಗ, "ಮುಂದಿನ ನಾಟಿತನ್ಕ ಏನಾದ್ರೂ ಮಾಡ್ಕೊಳ್ರಿ. ಕೂಳೆ ಚುಚ್ಚಿದ್ರೆ ಮಾತ್ರ ನನ್ನ ಕೇಳಬ್ಯಾಡ್ರಿ" ಎಂದಳು. ಕೊಯ್ದುಳಿದ ಭತ್ತದ ಕೂಳೆ ಚುಚ್ಚಿಯೇ ಚುಚ್ಚಿತು. ನಮ್ಮ ಮೊಣಕೈ, ಮೊಣಕಾಲುಗಳಲ್ಲಿ ಗೀರಿಲ್ಲದ ಜಾಗವಿರಲಿಲ್ಲ. ಹೊನ್ನಾಳಿಯವರು ಮೂವರು, ನ್ಯಾಮತಿಯಿಂದ ನಾನು ಸೇರಿ ಮೂವರು, ಚನ್ನಗಿರಿಯವರು ಇಬ್ಬರು, ಜಗಳೂರಿನಿಂದ ಅಂಜಿನಿ ಒಬ್ಬಳೇ. ಬೀಳುವುದು ಹೇಗೆಂದು ಅವಳಿಗೆ ಕಲಿಸಿದ್ದು ನಾನು. ಅವಳನ್ನು ಹಿಡಿಯಲು ಹೋಗಿ ಹಿಮ್ಮಡಿಯ ಒದೆ ತಿಂದು ಹುಬ್ಬು ಸೀಳಿಕೊಂಡಿದ್ದೂ ನಾನೇ. ನಾಲ್ಕು ಹೊಲಿಗೆ ಬಿತ್ತು.

ಊರಿಗೆ ಹೋದಾಗ ಅವ್ವ ಬಾಗಿಲಲ್ಲೇ ನನ್ನ ಗದ್ದ ಹಿಡಿದು ಮುಖ ತಿರುಗಿಸಿದಳು. "ಯಾರು ಹೊಡೆದ್ರು?"

"ಯಾರೂ ಇಲ್ಲವ್ವ. ಆಟದಾಗೆ ಆಗಿದ್ದು."

"ಮುಖಕ್ಕೆ ಗಾಯ ಆಗೋ ಆಟ ಎಂಥದ್ದೇ? ನಾಳೆ ಯಾರಾದ್ರೂ ನೋಡಾಕೆ ಬಂದ್ರೆ ಏನಂತ ಹೇಳಲಿ?"

"ಆಟ ಆಡ್ತಾಳೆ ಅಂತ ಹೇಳು."

ಅವ್ವ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಟ ಬಿಡುತ್ತೇನೆ ಎನ್ನಲಿಲ್ಲ.

ಜೂನ್‌ನಲ್ಲಿ ಬೆಂಗಳೂರಿನಲ್ಲಿ ರಾಜ್ಯ ತಂಡಕ್ಕೆ ಆಯ್ಕೆ ಇತ್ತು. ಮೊದಲ ಪಂದ್ಯದಲ್ಲಿ ನಮ್ಮನ್ನು ಬಡಿದು ಹಾಕಿದರು. ಎದುರಿನವರಿಗೆ ಮುಳ್ಳಿನ ಬೂಟು, ಬಾಯಿಗೆ ಹಲ್ಲುಗವಚ. ನಮ್ಮಲ್ಲಿ ನಾಲ್ವರು ಬರಿಗಾಲಲ್ಲಿ ಆಡಿದ್ದೆವು. ಪಂದ್ಯ ಮುಗಿದ ಮೇಲೆ ಅವರಲ್ಲೊಬ್ಬಳು ನಗುತ್ತಾ, "ನೀವು ಯಾವ ಕಡೆಯವ್ರು?" ಎಂದು ಕೇಳಿದಳು. "ಇನ್ನೊಂದು ಪಂದ್ಯ ಐತಲ್ಲ, ನೋಡಿ ತಿಳ್ಕೋ" ಎಂದೆ.

ಎರಡನೆಯ ಪಂದ್ಯದ ಕೊನೆಯ ನಿಮಿಷದವರೆಗೂ ಎರಡೂ ಕಡೆ ಸಮ ಸಮ. ಚೆಂಡು ನನ್ನ ಕೈಗೆ ಬಂದಾಗ ನಾವು ನಮ್ಮದೇ ಗೆರೆಯ ಹತ್ತಿರವಿದ್ದೆವು. ಇಬ್ಬರು ನನ್ನ ಮೇಲೆ ಬರುವುದು ಕಂಡಿತು. ಇಬ್ಬರೂ ಮೈಮೇಲೆ ಬೀಳುವವರೆಗೆ ಕಾದು, ಬಿದ್ದೇಬಿಟ್ಟೆ ಎನ್ನುವಾಗ ಚೆಂಡನ್ನು ಹಿಂದಕ್ಕೆ ಬಿಟ್ಟೆ. ನನ್ನ ಕೆನ್ನೆ ಮಣ್ಣಲ್ಲಿತ್ತು. ಅಲ್ಲಿಂದ ಕಂಡದ್ದು ಅಂಜಿನಿಯ ಬರಿಗಾಲು ಮಾತ್ರ. ಒಮ್ಮೆ ಎಡಕ್ಕೆ ವಾಲಿ, ಬಲಕ್ಕೆ ಹೊರಳಿ, ಆಮೇಲೆ ನೇರವಾಗಿ ಹೋಗೇ ಹೋದವು. ಯಾರಿಗೂ ಅವಳನ್ನು ಮುಟ್ಟಲಾಗಲಿಲ್ಲ. ಗೆದ್ದೆವು.

ಸಂಜೆ ಹೆಸರು ಓದಿದರು. ನಮ್ಮ ತಂಡದಿಂದ ಒಬ್ಬಳೇ, ಅಂಜಿನಮ್ಮ. ಎಲ್ಲರೂ ಅವಳನ್ನು ಅಪ್ಪಿಕೊಂಡರು, ನಾನೂ ಅಪ್ಪಿಕೊಂಡೆ. ಆಮೇಲೆ ನಲ್ಲಿಯ ಹತ್ತಿರ ಹೋಗಿ, ಮುಖ ತೊಳೆಯುವ ನೆಪದಲ್ಲಿ ಬಹಳ ಹೊತ್ತು ನಿಂತೆ. ನಾನು ಕಲಿಸಿದವಳು, ನಾನು ಕೊಟ್ಟ ಚೆಂಡು ಎಂದು ಒಳಗೊಳಗೇ ಉರಿಯಿತು. ಅವಳು ಚೆನ್ನಾಗಿ ಆಡಿದ್ದಳು ಎಂಬುದು ಗೊತ್ತಿದ್ದರೂ ಉರಿ ತಗ್ಗಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಅವಳ ಪಕ್ಕ ಕೂರಲಿಲ್ಲ.

ನಾಲ್ಕು ದಿನ ಕಳೆದ ಮೇಲೆ ಹಾಸ್ಟೆಲ್‌ನಲ್ಲಿ ಅವಳು ಮನೆಯವರು ರುಜು ಹಾಕಬೇಕಾದ ಕಾಗದವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಇಡುತ್ತಿದ್ದಳು.

"ನಾನು ಹೋಗಲ್ಲ ಕಣೆ ನೇತ್ರಾ. ಅಣ್ಣ ಬೇಡ ಅಂದ. ಚಡ್ಡಿ ಹಾಕ್ಕೊಂಡು ಊರೂರ ಮೇಲೆ ಬೀಳಾಕೆ ಹೋಗೋದು ಬ್ಯಾಡ, ಕುರಿ ಕಾಯಾಕೆ ಜನ ಇಲ್ಲ, ಬಾ ಅಂದ."

"ನೀನೇನಂದೆ?"

"ಆಯ್ತು ಅಂದೆ."

ಅಷ್ಟು ದಿನ ಹಿಡಿದಿಟ್ಟದ್ದೆಲ್ಲ ಒಮ್ಮೆಲೇ ಬಂತು. "ಆಯ್ತು ಅಂದ್ಯಾ? ನನಗೆ ಬೇಕಾಗಿತ್ತು ಕಣೆ ಆ ಜಾಗ! ನಿನಗೆ ಸಿಕ್ಕಿದ್ದಕ್ಕೆ ಹೊಟ್ಟೆ ಉರ್ಕೊಂಡು ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ ನಾನು. ನನ್ನ ಕೈ ತಪ್ಪಿಸಿ ತಗೊಂಡಿದ್ದನ್ನ ಈಗ ಪೆಟ್ಟಿಗೆ ತಳದಾಗೆ ಹಾಕ್ತೀಯಾ? ತೆಗಿ ಹೊರಗೆ!"

ಅಂಜಿನಿ ಅಳಲು ಶುರು ಮಾಡಿದಳು. ನಾನೂ ಅತ್ತೆ. ಮಾರನೆಯ ದಿನ ಮೇಡಂ, ಅವಳು, ನಾನು ಮೂವರೂ ಬಿಳಿಚೋಡಿನ ದಾರಿ ಹಿಡಿದೆವು.

ಅವಳ ಅಣ್ಣ ತಿಪ್ಪೇಸ್ವಾಮಿ ಮನೆಯ ಮುಂದೆ ಟ್ರ್ಯಾಕ್ಟರಿನ ಬೋಲ್ಟು ಬಿಗಿಯುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಮನೆ ನಡೆಸುತ್ತಿದ್ದವನು ಅವನೇ. "ಬರ್ರಿ ಮೇಡಂ, ಕೂತ್ಕೊಳ್ರಿ" ಎಂದು ಮಜ್ಜಿಗೆ ತರಿಸಿದ. ತರಬೇತಿ ಶಿಬಿರ, ಆಮೇಲೆ ಹೊರರಾಜ್ಯದಲ್ಲಿ ಪಂದ್ಯ, ಒಟ್ಟು ಹದಿನೆಂಟು ದಿನ ಎಂದು ಮೇಡಂ ಹೇಳಿದ್ದನ್ನೆಲ್ಲ ತಲೆ ತಗ್ಗಿಸಿ ಕೇಳಿದ.

"ನಮ್ಮ ಹುಡುಗಿ ಹೆಸರು ಬಂದೈತೆ ಅಂದ್ರೆ ಸಂತೋಷ ರೀ. ಆದ್ರೆ ನೋಡ್ರಿ, ಅವ್ವ ಕಾಲು ಉಳುಕಿಸ್ಕೊಂಡು ಕೂತೈತೆ. ನಾನು ಬೆಳಗಾದ್ರೆ ಟ್ರ್ಯಾಕ್ಟರ್ ಹತ್ತಬೇಕು. ಮೂವತ್ತೆಂಟು ಕುರಿ ಅದಾವೆ. ಇವಳು ಹೋದ್ರೆ ಯಾರು ಕಾಯ್ತಾರೆ?"

ಚಡ್ಡಿಯ ಮಾತನ್ನು ಮೇಡಂ ಮುಂದೆ ಆಡಲು ಅವನಿಗೆ ಸಂಕೋಚ. ಅದಕ್ಕೇ ಕುರಿಗಳನ್ನು ಮುಂದೆ ಬಿಟ್ಟಿದ್ದ. ನನಗೆ ಅದು ಅರ್ಥವಾಗಿತ್ತು.

"ನಾನು ಕಾಯ್ತೀನಿ" ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ತಿಪ್ಪೇಸ್ವಾಮಿ ನಕ್ಕ. "ಕುರಿ ಕಾಯೋದು ಅಂದ್ರೆ ಏನು ಗೊತ್ತೈತಾ ತಂಗಿ ನಿನಗೆ?"

"ಗೊತ್ತಿಲ್ಲಣ್ಣ. ಅವ್ವ ಹೇಳಿಕೊಡ್ತಾರೆ."

"ಮಳೆ ಐತೆ, ಮುಳ್ಳೈತೆ. ಸುತ್ತ ಎಳೇ ಮೆಕ್ಕೆಜೋಳ. ಒಂದು ಕುರಿ ಯಾರದ್ದಾದ್ರೂ ಹೊಲಕ್ಕೆ ಬಾಯಿ ಹಾಕಿದ್ರೆ ಊರೇ ಬಂದು ನನ್ನ ಬಾಗಿಲಾಗೆ ನಿಲ್ತೈತೆ."

"ನಿಂತ್ರೆ ನಾನೇ ಮಾತಾಡ್ತೀನಿ. ಹದಿನೆಂಟು ದಿನ ತಾನೆ? ಅವಳು ಬರೋತನ್ಕ ಇರ್ತೀನಿ."

ಒಳಗಿನಿಂದ ಅಂಜಿನಿಯ ಅವ್ವನ ದನಿ ಬಂತು. "ಯಾರು ಕಾಯ್ತಾರೆ ಅಂತ ನೀನೇ ಕೇಳಿದ್ಯಲ್ಲಪ್ಪ ಸ್ವಾಮಿ. ಹುಡುಗಿ ಹೇಳ್ತಲ್ಲ ಈಗ. ಹಾಕು ರುಜು."

ಅವನು ರುಜು ಹಾಕಿದ. ಆದರೆ ಕಾಗದ ಕೈಗೆ ಕೊಡುವ ಮೊದಲು ನನ್ನನ್ನೇ ದಿಟ್ಟಿಸಿ, "ಮೂರು ದಿನದಾಗೆ ಓಡಿ ಹೋಗ್ತೀಯ ನೀನು. ನೀನು ಓಡಿದ ದಿನ ಇವಳನ್ನ ವಾಪಸ್ ಕರೆಸ್ತೀನಿ, ನೋಡ್ತಾ ಇರು" ಎಂದ.

"ನೋಡೋಣ ಬಿಡ್ರಿ" ಎಂದೆ. ಹಾಜರಿ ಹೋಗುತ್ತದೆ ಎಂದು ಮೇಡಂ ಎಚ್ಚರಿಸಿದರು. ಹೋದರೆ ಹೋಗಲಿ ಎಂದೆ.

ಮೊದಲ ದಿನ ಕುರಿ ಕೂಡಿದ್ದ ರೊಪ್ಪದ ಬಾಗಿಲು ತೆಗೆದದ್ದೇ ತಡ, ಮೂವತ್ತೆಂಟೂ ಮೂವತ್ತೆಂಟು ದಿಕ್ಕಿಗೆ ಹೋದವು. ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು. ಕಾಲಿಗೆ ಪಟ್ಟಿ ಕಟ್ಟಿಕೊಂಡು ಜಗಲಿಯಲ್ಲಿ ಕೂತಿದ್ದ ಅಂಜಿನಿಯ ಅವ್ವ ನೋಡುವಷ್ಟು ನೋಡಿ, "ಹಿಂದೆ ನಿಂತು ಯಾಕೆ ಬಡ್ಕೊಂತೀಯೆ? ಪಕ್ಕಕ್ಕೆ ಹೋಗು. ಎತ್ತ ತಿರುಗ್ತಾವೆ ಅಂತ ಅವಕ್ಕಿಂತ ಮೊದ್ಲು ನಿನಗೆ ಗೊತ್ತಾಗಬೇಕು" ಎಂದಳು. ಅಂಜಿನಿ ಮೈದಾನದಲ್ಲಿ ಎದುರಿನವಳ ಸೊಂಟವನ್ನೇ ನೋಡುತ್ತಾ ಓಡುತ್ತಿದ್ದುದು ನನಗೆ ಆಗ ನೆನಪಾಯಿತು. ಅದನ್ನು ಮೇಡಂ ಕಲಿಸಿರಲಿಲ್ಲ, ನಾನೂ ಕಲಿಸಿರಲಿಲ್ಲ.

ಮೂರನೆಯ ದಿನ ಬೆಳಗಿನಿಂದ ಮಳೆ ಬಿಡಲಿಲ್ಲ. ಅಂಗಾಲಲ್ಲಿ ಜಾಲಿಮುಳ್ಳು ಮುರಿದಿತ್ತು, ಮೈ ಬಿಸಿಯಾಗಿತ್ತು. ಅವ್ವ ಹೊದಿಸಿ ಕಳಿಸಿದ ಕಂಬಳಿ ನೀರು ಕುಡಿದು ನನಗಿಂತ ಭಾರವಾಗಿತ್ತು. ಗುಡ್ಡದ ಬುಡದಿಂದ ನೋಡಿದರೆ ರಸ್ತೆಯಲ್ಲಿ ದಾವಣಗೆರೆ ಬಸ್ಸು ಹೋಗುವುದು ಕಾಣುತ್ತಿತ್ತು. ಕೈ ಅಡ್ಡ ಹಿಡಿದರೆ ಸಂಜೆಯೊಳಗೆ ಸವಳಂಗ. ಬಸ್ಸು ಕಣ್ಣಿಗೆ ಮರೆಯಾಗುವವರೆಗೆ ನೋಡಿದೆ. ಆಮೇಲೆ ಬಾಯಿಗೆ ಬಂದ ಬೈಗುಳವನ್ನೆಲ್ಲ ಕುರಿಗಳಿಗೆ ಬೈದು ಅವುಗಳ ಹಿಂದೆ ಹೋದೆ.

ಸಂಜೆ ಮಂದೆ ಹೊಡೆದುಕೊಂಡು ಬರುವಾಗ ಚಹಾ ಅಂಗಡಿಯ ಕಟ್ಟೆಯಿಂದ ಒಬ್ಬ ಕೂಗಿದ. "ನೋಡ್ರಪ್ಪ, ಬಿ.ಎ. ಓದಿರೋ ಕುರಿಕಾಯೋಳು!" ಎಲ್ಲರೂ ನಕ್ಕರು.

ನಾನು ನಿಂತೆ. "ಹೌದು ರೀ, ಬಿ.ಎ. ನಿಮ್ಮೂರ ಹುಡುಗಿ ರಾಜ್ಯಕ್ಕೆ ಆಡಾಕೆ ಹೋಗಿದಾಳೆ. ಇಲ್ಲಿ ಇಷ್ಟು ಜನ ಕೂತೀರಿ, ಒಬ್ಬರಾದ್ರೂ ಕುರಿ ನಾವು ಕಾಯ್ತೀವಿ ಅಂದ್ರಾ? ನ್ಯಾಮತಿಯಿಂದ ನಾನು ಬರಬೇಕಾಯ್ತು."

ಆ ಕಟ್ಟೆಯಿಂದ ಆಮೇಲೆ ನಗು ಬರಲಿಲ್ಲ. ಒಂದೆರಡು ಸಲ "ಚಹಾ ಕುಡಿದು ಹೋಗವ್ವ" ಎಂಬ ಮಾತು ಬಂತು. ನಾನು ಕುಡಿಯಲಿಲ್ಲ.

ಸವಳಂಗಕ್ಕೆ ಫೋನ್ ಮಾಡಿ ನನ್ನ ಅವ್ವನಿಗೆ ವಿಷಯ ತಿಳಿಸಿದೆ. ಬೈಯುತ್ತಾಳೆಂದು ಫೋನನ್ನು ಕಿವಿಯಿಂದ ದೂರವೇ ಹಿಡಿದಿದ್ದೆ.

"ಇಲ್ಲಿ ಕಳೆ ಕೀಳಾಕೆ ಕರೆದ್ರೆ ಸೊಂಟ ನೋವು ಅಂತಿದ್ದೋಳು, ಅಲ್ಲಿ ಹೋಗಿ ಯಾರದ್ದೋ ಕುರಿ ಕಾಯ್ತಿದೀಯಾ?"

"ಹೂಂ."

"ಜ್ವರ ಐತೇನೆ? ದನಿ ಹಂಗೈತೆ. ಮೆಣಸಿನ ಕಷಾಯ ಕೇಳಿ ಮಾಡಿಸ್ಕೊ. ಹೋಗಿದ್ದು ಹೋಗಿದೀಯ, ಅರ್ಧಕ್ಕೆ ಬಿಟ್ಟು ಬಂದು ನನ್ನ ಮಾನ ಕಳೀಬೇಡ" ಎಂದಳು.

ಒಂಬತ್ತನೆಯ ದಿನ ಮಂದೆಯ ದೊಡ್ಡ ಟಗರು ನನ್ನ ಕೈ ತಪ್ಪಿತು. ಬೀಳು ಹೊಲದಂಚಿನಲ್ಲಿ ಮೇಯುತ್ತಿದ್ದದ್ದು ತಲೆಯೆತ್ತಿ ಮೂಸಿ, ಪಕ್ಕದ ಮೆಕ್ಕೆಜೋಳದ ಕಡೆ ನುಗ್ಗಿತು. ಅದು ಹೊಕ್ಕರೆ ಉಳಿದ ಮೂವತ್ತೇಳೂ ಹಿಂದೆಯೇ ಹೋಗುವಂಥವು. ಹೊಲದವನು ಬದುವಿನ ಮೇಲೆ ನಿಂತು ಆಗಲೇ ಕೂಗಾಡುತ್ತಿದ್ದ. ಕೋಲು ಬಿಸಾಡಿ ಓಡಿದೆ. ಹಿಂದಿನಿಂದ ಹೋದರೆ ಸಿಗುವುದಿಲ್ಲವೆಂದು ಪಕ್ಕದಿಂದ ಸುತ್ತಿ ಬಂದು, ತಲೆಯನ್ನು ಆಚೆಗಿಟ್ಟು, ಬಲಭುಜವನ್ನು ಅದರ ತೊಡೆಗೆ ಕೊಟ್ಟು ಎರಡೂ ಕೈಯಲ್ಲಿ ಬಾಚಿ ಹಿಡಿದೆ. ಇಬ್ಬರೂ ಕೆಸರಿಗೆ ಬಿದ್ದೆವು. ಟಗರು ಕೊಸರಾಡಿತು, ಒದೆಯಿತು. ನಾನು ಬಿಡಲಿಲ್ಲ. ಜೋಳದ ಸಾಲು ಅಲ್ಲಿಂದ ಮೂರೇ ಹೆಜ್ಜೆ.

ಹೊಲದವನು ಕೂಗುವುದನ್ನು ಮರೆತು ನಿಂತಿದ್ದ. ಆಚೆ ಹೊಲದಲ್ಲಿ ಟ್ರ್ಯಾಕ್ಟರಿನ ಸದ್ದು ನಿಂತಿತು. ತಿಪ್ಪೇಸ್ವಾಮಿ ಇಳಿದು ಬಂದು, ನನ್ನ ತೋಳಿನೊಳಗೆ ಸಿಕ್ಕಿಬಿದ್ದಿದ್ದ ಟಗರಿನ ಕೊಂಬು ಹಿಡಿದುಕೊಂಡ.

"ಅವಳೂ ಅಲ್ಲಿ ಇದನ್ನೇನಾ ಮಾಡೋದು?" ಎಂದು ಕೇಳಿದ.

"ಇದನ್ನೇ" ಎಂದು ಬಾಯೊಳಗಿನ ಮಣ್ಣು ಉಗಿದೆ. "ಅವರು ಟಗರಿಗಿಂತ ಜೋರಾಗಿ ಬರ್ತಾರೆ."

"ಅವಳು ಸಣ್ಣೋಳು. ತಡೀತಾಳಾ?"

"ನನ್ನ ಹುಬ್ಬು ನೋಡ್ರಿ. ನಿಮ್ಮ ತಂಗಿ ಕೊಟ್ಟಿದ್ದು."

ಅವನು ಹತ್ತಿರ ಬಗ್ಗಿ ಹೊಲಿಗೆಯ ಗುರುತು ನೋಡಿ ಜೋರಾಗಿ ನಕ್ಕ. ಆ ಸಂಜೆ ನನ್ನ ಅಂಗಾಲಿನ ಮುಳ್ಳನ್ನು ಅವನೇ ಪಿನ್ನಿನಿಂದ ತೆಗೆದುಕೊಟ್ಟ.

ಹದಿನಾರನೆಯ ದಿನ ಮೇಡಂ ನನ್ನ ಫೋನಿಗೆ ಒಂದು ವಿಡಿಯೋ ಕಳಿಸಿದರು. ಹೊರರಾಜ್ಯದಲ್ಲಿ ನಡೆಯುತ್ತಿದ್ದ ಪಂದ್ಯದ್ದು, ಒಂದು ನಿಮಿಷದ್ದೂ ಅಲ್ಲ. ಜಗಲಿಯಲ್ಲಿ ಅಂಜಿನಿಯ ಅವ್ವನಿಗೆ ತೋರಿಸುತ್ತಿದ್ದಾಗ ತಿಪ್ಪೇಸ್ವಾಮಿ ಹಿಂದೆ ಬಂದು ನಿಂತ. ಅಂಜಿನಿ ಕರ್ನಾಟಕ ಎಂದು ಬರೆದ ಅಂಗಿ ತೊಟ್ಟಿದ್ದಳು, ಕೆಳಗೆ ಮೊಣಕಾಲಿನ ಮೇಲಿನ ಚಡ್ಡಿ. ನಾನು ತಿರುಗಿ ಅವನ ಮುಖ ನೋಡಲಿಲ್ಲ. ಏನಾದರೂ ಅಂದರೆ ಉತ್ತರ ಕೊಡಲು ಸಿದ್ಧಳಾಗಿದ್ದೆ. ವಿಡಿಯೋದಲ್ಲಿ ಅಂಜಿನಿ ಒಬ್ಬಳನ್ನು ದಾಟಿದಳು, ಇನ್ನೊಬ್ಬಳ ಕೈ ಕೊಡವಿದಳು, ಗೆರೆಯ ಆಚೆ ಹೋಗಿ ಮುಗ್ಗರಿಸಿ ಬಿದ್ದಳು.

"ಅಯ್ಯೋ, ಬಿದ್ಲು!" ಎಂದಳು ಅವ್ವ.

"ಬಿದ್ರೇ ಅಂಕ ಅವ್ವ" ಎಂದೆ.

ಹಿಂದಿನಿಂದ ತಿಪ್ಪೇಸ್ವಾಮಿ, "ಇನ್ನೊಂದ್ಸಲ ಹಾಕು" ಎಂದ. ಅದನ್ನು ಐದು ಸಲ ನೋಡಿದ. ಆಮೇಲೆ ತನ್ನ ಫೋನಿಗೂ ಕಳಿಸಿಕೊಂಡು ಹೊರಗೆ ಹೋದ. ಚಹಾ ಅಂಗಡಿಯ ಕಡೆಗೇ ಹೋದನೆಂದು ಮರುದಿನ ಆ ಕಟ್ಟೆಯವರು ನನ್ನನ್ನು ನೋಡಿದ ರೀತಿಯಲ್ಲೇ ಗೊತ್ತಾಯಿತು.

ಅಂಜಿನಿ ಬಂದಳು. ರಾಜ್ಯ ತಂಡ ಸೆಮಿಫೈನಲ್‌ನಲ್ಲಿ ಸೋತಿತ್ತು. ಅವಳ ತುಟಿ ಒಡೆದು ಊದಿತ್ತು. ನನ್ನನ್ನು ನೋಡಿದವಳೇ, "ಎಷ್ಟು ಕಪ್ಪಗಾಗಿದೀಯೆ!" ಎಂದಳು. ಚೀಲದಿಂದ ತನ್ನ ತಂಡದ ಅಂಗಿ ತೆಗೆದು ನನ್ನ ತೊಡೆಯ ಮೇಲೆ ಇಟ್ಟಳು. ನಾನು ಅದನ್ನು ಮಡಚಿ ಅವಳಿಗೇ ವಾಪಸ್ ಕೊಟ್ಟೆ. "ಇದು ನಿಂದು. ನನ್ನದನ್ನ ನಾನೇ ತಗೋತೀನಿ."

ಹೊರಡುವ ದಿನ ತಿಪ್ಪೇಸ್ವಾಮಿ ಬಸ್‌ಸ್ಟ್ಯಾಂಡಿನವರೆಗೂ ಬಂದ. "ಮುಂದಿನ ವರ್ಷನೂ ಇವಳನ್ನ ಕರೀತಾರಂತೆ. ಆಗ್ಲೂ ಬರ್ತೀಯೇನು ತಂಗಿ? ನಿನಗೂ ಕುರಿ ಹೊಂದಿಕೊಂಡಾವೆ."

"ಇಲ್ಲಣ್ಣ. ಮುಂದಿನ ವರ್ಷ ನಾನೂ ಆಡಾಕೆ ಹೋಗ್ತೀನಿ. ಕುರಿ ನೀವೇ ಕಾಯ್ರಿ."

ಅಷ್ಟರಲ್ಲಿ ಬಸ್ಸು ಬಂತು.

ಆ ವರ್ಷವಿಡೀ ನಾನು ಓಡಿದೆ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಿಸುವುದಿಲ್ಲ ಎಂದಾಗ ಪ್ರಿನ್ಸಿಪಾಲರ ಕೋಣೆಯ ಮುಂದೆ ಮೂರು ದಿನ ನಿಂತು ಒಪ್ಪಿಸಿದೆ. ಮೈದಾನಕ್ಕೆ ಮತ್ತೆ ಸುಣ್ಣ ತಂದೆವು. ಅಳಿಸಿದರು, ಮತ್ತೆ ಎಳೆದೆವು. ನಾಲ್ಕನೆಯ ಸಲ ಅಳಿಸಲು ಯಾರೂ ಬರಲಿಲ್ಲ. ಮರುವರ್ಷದ ಆಯ್ಕೆಯಲ್ಲಿ ಹನ್ನೆರಡು ಹೆಸರು ಓದಿದರು. ಅಂಜಿನಮ್ಮನದು ಮೂರನೆಯದು, ನನ್ನದು ಹನ್ನೆರಡನೆಯದು. ನಾನು ಒಟ್ಟು ಆಡಿದ್ದು ಒಂದು ಪಂದ್ಯದ ನಾಲ್ಕು ನಿಮಿಷ. ಆ ನಾಲ್ಕು ನಿಮಿಷದಲ್ಲಿ ಇಬ್ಬರನ್ನು ಕೆಡವಿದೆ.

ಆ ಪಂದ್ಯದ ಸಂಜೆ ಅಂಜಿನಿ ಊರಿಗೆ ಫೋನ್ ಹಚ್ಚಿ ನನ್ನ ಕಿವಿಗೂ ಕೇಳುವಂತೆ ಹಿಡಿದಳು. ಬಹಳ ಹೊತ್ತು ರಿಂಗಾದ ಮೇಲೆ ತಿಪ್ಪೇಸ್ವಾಮಿ ಎತ್ತಿದ. ಏದುಸಿರು ಬಿಡುತ್ತಿದ್ದ. ಹಿಂದೆ ಕುರಿಗಳ ಅರಚಾಟ, ದೂರದಲ್ಲಿ ಯಾರೋ ಬೈಯುವ ಸದ್ದು.

"ಅಣ್ಣಾ, ಗೆದ್ವಿ! ನೇತ್ರಾನೂ ಆಡಿದ್ಲು!"

"ಆಯ್ತವ್ವ, ಆಯ್ತು" ಎಂದು ಅವನು ಕೂಗಿದ. "ಆಮ್ಯಾಲೆ ಮಾಡ್ರಿ ಇಬ್ಬರೂ. ಟಗರು ಜೋಳಕ್ಕೆ ನುಗ್ತಾ ಐತೆ!"